ಗ್ರಂಥಪಾಲಕನ ವಿದ್ಯಾಋಣ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಕೊಳ್ಳುವವನು ಚೀಲದೊಳಗೆ ಕೈಯಿಕ್ಕಿ ಒಂದು ಹಿಡಿ ತೆಗೆದು ಬಣ್ಣವನ್ನು ನೋಡುತ್ತಾನೆ. ಮುರಿದು ಬೀಜವನ್ನು ನೋಡುತ್ತಾನೆ. ಅಂಗೈಯಲ್ಲಿ ಹಿಸುಕಿ ಹಸಿಯೋ ಒಣಗಿದುದೋ ಎಂಬದನ್ನು ತಿಳಿಯುತ್ತಾನೆ. ಡಬ್ಬಿ ಯಾವದು, ಕಡ್ಡಿ ಯಾವದು ಎಂಬದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರುವವನು ಎಷ್ಟು ಅಜ್ಞನಾಗಿದ್ದರೂ ಕೊಳ್ಳುವವನು ಮೋಸಹೋಗಲಾರನು.

ಗ್ರಂಥಭಾಂಡಾರದ ವ್ಯವಹಾರವು ಇದಕ್ಕೆ ತೀರ ವಿಪರೀತವಾದುದು. ಹಾವೇರಿಯಲ್ಲಿ 2023ರಲ್ಲಿ ವಿಶ್ವವಿದ್ಯಾಲಯವೊಂದು ಸ್ಥಾಪಿತವಾಯಿತು. ಅಂತಹ ಕಡೆಗೆ ರಾಣೇಬೆನ್ನೂರಿನ ತರುಣನೊಬ್ಬನು ಬಂದು, ತನ್ನ ಊರಿನ ಬೀಜದ ವ್ಯಾಪಾರವನ್ನು ಕುರಿತು ಓದಬೇಕೆನ್ನುತ್ತಾನೆಂದು ಭಾವಿಸೋಣ. “ಅಂಥ ಪುಸ್ತಕವಿಲ್ಲ” ಎಂದು ಗ್ರಂಥಪಾಲಕನು ಹೇಳಿದರೆ ಅವನು ನಂಬಿ ಹಿಂದಿರುಗುತ್ತಾನೆ. ಬೇಕಾದುದು ಎರಡು ಕಪಾಟಿನಾಚೆಗೆ ಬೇರೊಂದು ಶೀರ್ಷಿಕೆಯ ಕೆಳಗೆ ಇದ್ದಿತೆಂಬದು ಅವನಿಗೆ ಎಂದಿಗೂ ತಿಳಿಯದು. ವೈದ್ಯನ ಅಜ್ಞಾನವು ರೋಗಿಯ ಮೈಮೇಲೆ ಕಾಣಿಸಿಕೊಳ್ಳುವದು. ಗ್ರಂಥಪಾಲಕನ ಅಜ್ಞಾನಕ್ಕೆ ಸಾಕ್ಷಿಯೇ ಇಲ್ಲ. ದೂರು ಕೊಡುವವರಿಲ್ಲದ ಈ ಹಾನಿಗೆ ಹೊಣೆ ಯಾರು?

ಪದವಿಯನ್ನು ಪಡೆದು ಕೆಲಸಕ್ಕೆ ಸೇರಿದ ದಿನವೇ ಅಭ್ಯಾಸವು ಮುಗಿಯಿತೆಂದು ತಿಳಿಯುವವರು ಎಲ್ಲ ವೃತ್ತಿಗಳಲ್ಲಿಯೂ ಉಂಟು. ಗ್ರಂಥಾಲಯಶಾಸ್ತ್ರದ ಆಚಾರ್ಯರೆನಿಸಿದ ರಂಗನಾಥನ್‌ರವರ ಜೀವನವು ಬೇರೊಂದು ಮಾತನ್ನು ಹೇಳುವದು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರು ಗಣಿತದ ಅಧ್ಯಾಪಕರು; ಈ ಶಾಸ್ತ್ರದ ಗಂಧವೂ ಅವರಿಗಿರಲಿಲ್ಲ. ಜನವಿಲ್ಲದ ಆ ಭಾಂಡಾರದಲ್ಲಿ ಬೇಸತ್ತು ಕಾಲೇಜಿಗೆ ಮರಳಲು ಹವಣಿಸಿದರು. ಲಂಡನ್ನಿಗೆ ಹೋಗಿ ಅಭ್ಯಾಸಮಾಡಿ 1925ರಲ್ಲಿ ತಿರುಗಿ ಬಂದ ಮೇಲೆ ಆ ಬೇಸರವು ಉಳಿಯಲಿಲ್ಲ. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಕಡೆಯದು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯೆಂಬದು. 1933ರಲ್ಲಿ ಹೊರಬಂದ ತಮ್ಮ ವರ್ಗೀಕರಣ ಪದ್ಧತಿಯನ್ನು ಅವರೇ ಮೇಲಿಂದ ಮೇಲೆ ತಿದ್ದಿದರು. ಎಪ್ಪತ್ತರ ವಯಸ್ಸಿನಲ್ಲಿ, 1962ರಲ್ಲಿ, ಬೆಂಗಳೂರಿನಲ್ಲಿ ಪ್ರಲೇಖನದ ಸಂಶೋಧನೆ ಹಾಗೂ ಶಿಕ್ಷಣಕ್ಕಾಗಿ ಕೇಂದ್ರವನ್ನು ತೆರೆದರು. ಜೀವಿಯು ಬೆಳೆಯುತ್ತಿರಲು ಅದನ್ನು ಸಾಕುವವನ ತಿಳಿವಳಿಕೆ ಮಾತ್ರ ನಿಂತಲ್ಲಿಯೇ ನಿಲ್ಲಬಹುದೇ?

ಈ ಪ್ರಶ್ನೆಗೆ ಹಾವೇರಿ ಜಿಲ್ಲೆಯಲ್ಲಿಯೇ ವಿಶೇಷವಾದ ಅರ್ಥವಿದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವು ಹುಟ್ಟಿತು. ಗ್ರಂಥಸೂಚಿಯನ್ನು ರಚಿಸಲು ಕಲಿತವನು ಮೊದಲು ಕೇಳುವದು ಕರ್ತೃವಿನ ಹೆಸರನ್ನು. ಬೀಸುವ ಕಲ್ಲಿನ ಪದಕ್ಕೆ ಕರ್ತೃವೆಲ್ಲಿ? ಸಂಗ್ರಹಿಸಿದವರ ಹೆಸರಿನಲ್ಲಿ ಬರೆದಿಟ್ಟರೆ ಹಾಡಿದ ಮುದುಕಿಯು ಅಳಿದಂತೆಯೇ ಸರಿ. ಯಾವ ಊರು, ಯಾವ ಕುಲಕಸುಬು, ಯಾವ ಸಂದರ್ಭದ ಪದ, ಅದನ್ನು ಪರರಿಗೆ ಕೇಳಿಸಲು ಹಾಡಿದವಳ ಒಪ್ಪಿಗೆಯಿದ್ದಿತೇ ಎಂಬಿವನ್ನೆಲ್ಲ ಬರೆದಿಡುವ ಕ್ರಮವು ಅಚ್ಚಿನ ಪುಸ್ತಕಗಳನ್ನು ಜೋಡಿಸುವ ವಿದ್ಯೆಯಿಂದ ದೊರೆಯದು. ಧ್ವನಿಯ ಸುರುಳಿಗಳೂ ಹಳತಾದಂತೆ ಕೆಡುತ್ತವೆ. ಅವನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ಬಹು ಹಿಂದೆ ಪದವಿ ಪಡೆದವನು ಹೊಸದಾಗಿಯೇ ಕಲಿಯಬೇಕು. ಕಲಿಯದೆ ಕಳೆದ ವರ್ಷಗಳಲ್ಲಿ ಕೆಲವು ಕಂಠಗಳು ಮತ್ತೆ ಸಿಕ್ಕದಂತೆ ಹೋಗುವವು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಗ್ರಂಥಪಾಲಕರ ಬಡ್ತಿಗೆ ಪುನಶ್ಚೇತನ ಶಿಬಿರಗಳನ್ನು ಗಣನೆಗೆ ತೆಗೆದುಕೊಂಡಿವೆ. ಇದು ಒಳ್ಳೆಯದೇ. ಆದರೆ ನಿಯಮವು ಹಾಜರಿಯನ್ನು ಎಣಿಸಬಲ್ಲದು, ಕಲಿಕೆಯನ್ನು ಎಣಿಸಲಾರದು. ಪ್ರಮಾಣಪತ್ರಕ್ಕಾಗಿ ಕುಳಿತೆದ್ದು ಬಂದವನು ನಿಯಮಕ್ಕೆ ತಪ್ಪಿದವನಲ್ಲ. ಬೀಜದ ವಿಷಯವನ್ನು ಕೇಳಬಂದ ಆ ತರುಣನಿಗೆ ಮಾತ್ರ ಅವನು ಸಾಲಗಾರನಾಗಿಯೇ ಉಳಿಯುವನು.

ಹಾಗೆಂದು ದೋಷವನ್ನೆಲ್ಲ ಅವನ ತಲೆಗೆ ಕಟ್ಟುವದು ಅನ್ಯಾಯ. ಸಣ್ಣ ಊರಿನ ಕಾಲೇಜಿನಲ್ಲಿ ಅನೇಕ ವೇಳೆ ಅವನು ಒಂಟಿ. ಎರಡು ವಾರ ಧಾರವಾಡಕ್ಕೆ ಹೋದರೆ ಭಾಂಡಾರಕ್ಕೆ ಬೀಗ. ಇಂದಿನ ವಾಚಕನಿಗೆ ಬಾಗಿಲು ತೆರೆದಿಡಬೇಕೋ, ನಾಳಿನ ವಾಚಕನಿಗಾಗಿ ಕಲಿಯಹೋಗಬೇಕೋ ಎಂಬ ಇಕ್ಕಟ್ಟಿನಲ್ಲಿ ಅವನನ್ನು ನಿಲ್ಲಿಸಿದ ಸಂಸ್ಥೆಯೂ ಆ ಸಾಲದಲ್ಲಿ ಪಾಲುಗಾರನೇ. ಗೋಡೆಗೆ ಸುಣ್ಣ ಬಳಿಸಲು ಹಣ ತೆಗೆದಿರಿಸುವ ಆಡಳಿತ ಮಂಡಲಿಗೆ ಬದಲಿಯೊಬ್ಬನ ಎರಡು ವಾರದ ಸಂಬಳವು ಭಾರವೆನ್ನುವಂತಿಲ್ಲ. ಅದೂ ಆಗದಿದ್ದರೆ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ರೈಲುಮಾರ್ಗದ ಮೇಲಿವೆ; ಮೂರು ಊರುಗಳ ಕಾಲೇಜುಗಳು ಒಪ್ಪಿಕೊಂಡರೆ ಅಲ್ಲಿಯ ಗ್ರಂಥಪಾಲಕರು ಸರದಿಯಂತೆ ಒಬ್ಬರ ಬಾಗಿಲನ್ನು ಇನ್ನೊಬ್ಬರು ಕಾಯಬಹುದು. ಹೋದವನು ಕಲಿತು ಬಂದುದನ್ನು ಒಂದು ಶನಿವಾರ ಉಳಿದಿಬ್ಬರ ಮುಂದೆ ಕುಳಿತು ಹೇಳಬಹುದು.