ಗಂಟೆಗೆ ಬೆದರುವ ಮಗು

ಬಸರಾಳಿನ ಮಲ್ಲಿಕಾರ್ಜುನ ದೇಗುಲವನ್ನು ಹೊಯ್ಸಳರ ದಂಡನಾಯಕ ಹರಿಹರನು ಕ್ರಿ.ಶ. 1234ರಲ್ಲಿ ಕಟ್ಟಿಸಿದನು. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಅಲ್ಲಿಯ ಕಂಬಗಳ ನಡುವೆ ನಿಂತವನಿಗೆ ಮೌನವೂ ಒಂದು ಪೂಜೆಯೆನಿಸುವುದು. ಹಬ್ಬದ ದಿನ ಊರ ಬೀದಿಯಲ್ಲಿ ತಮಟೆ ನಗಾರಿಗಳು ಮೊಳಗಿದಾಗಲಾದರೋ ಮಕ್ಕಳಿಗೆ ಹಿಗ್ಗು. ಆದರೆ ಆ ಸದ್ದಿಗೆ ಕಿವಿ ಮುಚ್ಚಿ ಚೀರಿ ಮನೆಯ ಮೂಲೆ ಸೇರುವ ಮಕ್ಕಳೂ ಉಂಟು. ಅವರಲ್ಲಿ ಕೆಲವರದು ಆಟಿಸಂ ಎಂಬ ಸ್ಥಿತಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಇಂಥ 11 ಮಕ್ಕಳ ವೃತ್ತಾಂತವನ್ನು ಬರೆದಾಗಲೇ, ದೊಡ್ಡ ಸದ್ದು ಅವರನ್ನು ತಲ್ಲಣಗೊಳಿಸುವುದನ್ನು ಗುರುತಿಸಿದ್ದನು.

ಅಂಥ ಮಗುವುಳ್ಳ ಗೃಹಸ್ಥನ ಮನೆಯಲ್ಲಿ ನಡೆಯುವುದೇನು? ಮುಂಜಾನೆ ತಾತನು ಇಷ್ಟಲಿಂಗಪೂಜೆಗೆ ಕುಳಿತು ಗಂಟೆಯನ್ನೆತ್ತಿದೊಡನೆ ಮಗು ಓಡುವುದು, ಗೋಡೆಗೆ ತಲೆ ಬಡಿದುಕೊಳ್ಳುವುದು. ದೇವರ ಗಂಟೆಗೇ ಹೆದರುವುದೆಂದರೆ ಗಾಳಿ ಸೋಕಿದೆಯೆಂದು ಒಬ್ಬರು ತಾಯಿತ ಕಟ್ಟಿಸಲು ಹೇಳುವರು. ಹಟವೆಂದು ಬಗೆದು ಮತ್ತೊಬ್ಬರು ಎಳೆದುತಂದು ಗಂಟೆಯ ಮುಂದೆಯೇ ಕೂರಿಸುವರು. ಎರಡೂ ಅಜ್ಞಾನವೇ, ಎರಡನೆಯದು ಕ್ರೌರ್ಯವೂ ಹೌದು. ಮಗುವಿಗೆ ಆ ನಾದ ನಿಜವಾಗಿಯೂ ನೋವು. ದಯೆಯನ್ನು ಧರ್ಮದ ಬುಡವೆಂದ ಬಸವಣ್ಣನವರ ಅನುಯಾಯಿಯ ಮನೆಯಲ್ಲಿ ಪೂಜೆಯ ಹೊತ್ತಿಗೇ ಒಂದು ಜೀವ ನಡುಗುತ್ತಿದ್ದರೆ, ಗಂಟೆಯನ್ನು ಕೆಳಗಿಡುವುದರಿಂದ ಲಿಂಗಕ್ಕೆ ಯಾವ ಕೊರತೆ? ಇದನ್ನೊಪ್ಪಲು ಹಿರಿಯರಿಗೆ ಕಷ್ಟವಾಗುವುದು ಸಹಜ. ಅರುವತ್ತು ವರುಷದ ರೂಢಿ ಅದು!

ಭಯವನ್ನು ಮೆಲ್ಲಮೆಲ್ಲನೆ ಕರಗಿಸಬಹುದೆಂಬುದನ್ನು 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಬರೆದು ತೋರಿಸಿದಳು. ಮೊಲಕ್ಕೆ ಅಂಜುತ್ತಿದ್ದ ಮಗುವೊಂದಕ್ಕೆ ಮೆಚ್ಚಿನ ತಿನಿಸು ಕೊಟ್ಟು, ಪಂಜರದ ಮೊಲವನ್ನು ಮೊದಲು ದೂರದಲ್ಲಿರಿಸಿ ಬರಬರುತ್ತ ಸಮೀಪಿಸಿದಳು. ಆ ಮಗುವಿಗೆ ಆಟಿಸಂ ಇರಲಿಲ್ಲ. ಆದರೂ ದಾರಿ ಅದೇ, ನಡಿಗೆ ಮಾತ್ರ ಇನ್ನೂ ನಿಧಾನ.

ಮೊದಲು ಕಿವಿಯಲ್ಲಿ ಬೇನೆಯಿಲ್ಲವೆಂಬುದನ್ನು ವೈದ್ಯರಿಂದ ತಿಳಿಯಬೇಕು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಂಡ್ಯದವರಿಗೆ ದೂರವಲ್ಲ. ಅನಂತರ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಸದ್ದಿಲ್ಲದ ಆ ಗಂಟೆಯನ್ನು ಮಗುವಿನ ಕೈಗೇ ಕೊಡಬೇಕು. ತಿರುಗಿಸಲಿ, ಮೂಸಲಿ, ಬಿಸಾಡಲಿ. ಕೆಲವು ದಿನಗಳ ಮೇಲೆ ಬಟ್ಟೆಯ ಒಂದು ಸುತ್ತು ಬಿಚ್ಚುವುದು. ತಾನೇ ಅಲುಗಿಸಿದ ಸದ್ದು ಯಾವಾಗ ಬರುವುದೆಂದು ಮಗುವಿಗೆ ಗೊತ್ತಿರುತ್ತದೆ. ಬೇರೆಯವರದು ಗೊತ್ತಿರುವುದಿಲ್ಲ, ಭಯದ ಬಹುಪಾಲು ಅಲ್ಲಿದೆ. ಆದುದರಿಂದ ತಾತನು ಬಾರಿಸುವ ಮುನ್ನ ಗಂಟೆಯನ್ನು ತೋರಿಸಿ, ಬೆರಳೆಣಿಸಿ, ಅಂಗಳದ ಆಚೆ ನಿಂತು ಒಮ್ಮೆ ಮಾತ್ರ ಬಾರಿಸಬೇಕು. ಮಗು ಕಿವಿ ಮುಚ್ಚಿದರೆ ಮುಚ್ಚಿಕೊಳ್ಳಲಿ. ಅತ್ತರೆ ಆ ದಿನಕ್ಕೆ ನಿಲ್ಲಿಸಿ, ಮರುದಿನ ಒಂದು ಮೆಟ್ಟಿಲು ಹಿಂದಿನಿಂದ ತೊಡಗಬೇಕು. ತಿಂಗಳುಗಳೇ ಹಿಡಿಯಬಹುದು.

ಮನೆಯ ಗಂಟೆಗೆ ಒಗ್ಗಿದ ಮಗು ಬೀದಿಯ ತಮಟೆಗೆ ಒಗ್ಗಿತೆಂದು ತಿಳಿಯಬಾರದು. ಅದು ಬೇರೆಯೇ ಪಾಠ. ಉತ್ಸವವು ಯಾವ ಹೊತ್ತಿಗೆ ಮನೆಯ ಮುಂದೆ ಹಾಯುವುದೆಂದು ತಂದೆಯು ಮೊದಲೇ ಕೇಳಿಕೊಂಡು, ಮಗುವನ್ನು ಊರ ಹೊರಗಿನ ಗದ್ದೆಬದುವಿಗೆ ಕರೆದೊಯ್ಯಲಿ. ತಮಟೆಯ ದನಿ ಅಲ್ಲಿಗೆ ತೆಳ್ಳಗೆ ಕೇಳಿಬರುವುದು. ಮಗು ತಾನಾಗಿ ಊರ ಕಡೆ ಎರಡು ಹೆಜ್ಜೆಯಿಟ್ಟರೆ ತಂದೆಯೂ ಎರಡೇ ಹೆಜ್ಜೆಯಿಡಲಿ.