ಯಾರ ಪೈಕಿ ಎಂದು ಕೇಳದ ಊರು

ಪರದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬಂದವರ ಕಥೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮೊದಲ ಹಿಮ, ತಪ್ಪಿದ ರೈಲು, ಭಾಷೆ ಬಾರದ ಊರಿನ ಬಸ್ ನಿಲ್ದಾಣದಲ್ಲಿ ಕಳೆದ ರಾತ್ರಿ, ಒಂದೇ ವಾರಾಂತ್ಯದಲ್ಲಿ ನೋಡಿ ಮುಗಿಸಿದ ಎರಡು ದೇಶ. ಇದರಲ್ಲಿ ತಪ್ಪೇನೂ ಇಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ ರೈಲು ತಪ್ಪಿಸಿಕೊಳ್ಳದೆ ಇನ್ನು ಯಾವಾಗ ತಪ್ಪಿಸಿಕೊಳ್ಳುವುದು? ಆದರೆ ಈ ಕಥೆಗಳಲ್ಲಿ ಅಪರೂಪಕ್ಕೂ ಬಾರದ ಸಾಹಸವೊಂದಿದೆ. ತನ್ನ ಮನೆತನ, ಅಡ್ಡಹೆಸರು, ಕೇರಿ ಯಾವುದೂ ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಮೊದಲ ಸಲ ಓಡಾಡುವ ಸಾಹಸ ಅದು.

ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಬಸ್ಸಿನಲ್ಲಿ ಹೊಸಬರ ಪಕ್ಕ ಕುಳಿತರೆ ಎರಡನೆಯದೋ ಮೂರನೆಯದೋ ಪ್ರಶ್ನೆ ಇದೇ: "ನೀವು ಯಾರ ಪೈಕಿ?" ಕೇಳುವವರ ದನಿಯಲ್ಲಿ ದ್ವೇಷ ಇರಬೇಕೆಂದೇನಿಲ್ಲ. ಎಷ್ಟೋ ಸಲ ಅಕ್ಕರೆಯೇ ಇರುತ್ತದೆ, ಕೈಯಲ್ಲಿ ನಮಗೆಂದು ಸುಲಿದ ಬಾಳೆಹಣ್ಣೂ ಇರುತ್ತದೆ. ನಿಪ್ಪಾಣಿ, ಕಾಗವಾಡದ ಕಡೆ ಇದೇ ಪ್ರಶ್ನೆ ಮರಾಠಿಯಲ್ಲಿಯೂ ಬರಬಹುದು. ಈ ಭಾಗದಲ್ಲಿ ಗಡಿ ವಿವಾದಕ್ಕೆ ಸಿಗದೆ ಉಳಿದ ಪ್ರಶ್ನೆ ಬಹುಶಃ ಇದೊಂದೇ.

ಈ ಪ್ರಶ್ನೆಯನ್ನು ಯಾರೂ ಕೇಳದ ಊರಿನಲ್ಲಿ ಕೆಲವು ಕಾಲ ಬದುಕಿದವನಿಗೆ ಆ ಅನುಭವ ಏನಾಗಿ ಉಳಿಯಬೇಕು? ಆಲ್ಬಮ್ಮಿನಲ್ಲಿಟ್ಟ ಇನ್ನೊಂದು ಸುಖವಾಗಿಯೋ, ತೀರಿಸಬೇಕಾದ ಸಾಲವಾಗಿಯೋ?

ಇದನ್ನು ಯೋಚಿಸುವಾಗ ನನಗೆ ನೆನಪಾಗುವುದು ಈ ಭಾಗದ ನೆಲದ ಮೇಲೂ ನಡೆದುಹೋದ ಒಬ್ಬ ವಿದ್ಯಾರ್ಥಿ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಿದ್ದವರು ಕೊಲಂಬಿಯಾ ಮತ್ತು ಲಂಡನ್‌ನಲ್ಲಿ ಓದಿ ಮರಳಿದ್ದ ಭೀಮರಾವ್ ಅಂಬೇಡ್ಕರ್. ಆಗ ಅವರ ವಯಸ್ಸು ಮೂವತ್ತನಾಲ್ಕರ ಆಸುಪಾಸು.

ಅವರ ಆತ್ಮಕಥನದ ತುಣುಕುಗಳಿಗೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಹೆಸರಿದೆ. ಹೆಸರು ಕೇಳಿದರೆ ವಿದೇಶ ಪ್ರವಾಸದ ಪುಸ್ತಕ ಅನ್ನಿಸಬೇಕು. ಒಳಗಿರುವುದು ಹೆಚ್ಚಾಗಿ ಈ ದೇಶದ ಪ್ರಯಾಣಗಳು. ಮೊದಲನೆಯದು 1901ರದು. ಒಂಬತ್ತು ವರ್ಷದ ಹುಡುಗ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಮಸೂರಿನವರೆಗೆ ರೈಲಿನಲ್ಲಿ ಬರುತ್ತಾನೆ. ಇದು ಮೀರಜ ದಾಟಿ ಶೇಡಬಾಳ, ಉಗಾರ, ರಾಯಬಾಗ, ಚಿಕ್ಕೋಡಿ ರೋಡ್ ಮೇಲೆ ಬೆಳಗಾವಿಗೆ ಹೋಗುವ ಹಳಿಯೇ. ಬೇಸಿಗೆಯ ರಜೆಗೆ ಅಪ್ಪನ ಊರಿಗೆ ಹೊರಟ ಮಕ್ಕಳ ಸಡಗರ, ಹೊಸ ಬಟ್ಟೆ. ಮಹಾರರ ಮಕ್ಕಳು ಎಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಯಾವ ಗಾಡಿಯವನೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಆದರೆ ಎತ್ತು ಹೊಡೆಯಬೇಕಾದವರು ಮಕ್ಕಳು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದಾರಿಯಲ್ಲಿ ನೀರಿಗಾಗಿ ಸುಂಕದ ಕಟ್ಟೆಯವನ ಮುಂದೆ ಹುಡುಗ ಉರ್ದುವಿನಲ್ಲಿ ತಾವು ಮುಸಲ್ಮಾನರು ಎನ್ನುತ್ತಾನೆ. ನೀರು ಸಿಗುವುದಿಲ್ಲ.

1913ರಲ್ಲಿ ಅದೇ ಹುಡುಗ ನ್ಯೂಯಾರ್ಕಿಗೆ ಹೋದ. ಬರೋಡಾದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನ. ಬದಲಿಗೆ ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರು. ಮೊದಲ ಕೆಲವು ತಿಂಗಳು ಅವನೂ ಇಂದಿನ ವಿದ್ಯಾರ್ಥಿಗಳ ಹಾಗೆಯೇ ಗೆಳೆಯರ ಜೊತೆ ಓಡಾಡಿದ, ಹರಟಿದ, ಊಟ ಹಿಡಿಸದೆ ಹಾಸ್ಟೆಲ್ ಬದಲಿಸಿದ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಆಮೇಲೆ ಗ್ರಂಥಾಲಯ ಸೇರಿದವನು ಸುಲಭಕ್ಕೆ ಹೊರಗೆ ಬರಲಿಲ್ಲ. ನನಗೆ ಮುಖ್ಯವೆನಿಸುವುದು ಆ ಅಲೆದಾಟದ ತಿಂಗಳುಗಳೇ. ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಕುಳಿತು ಉಂಡದ್ದು ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ. ಯುರೋಪು ಮತ್ತು ಅಮೆರಿಕದ ಐದು ವರ್ಷಗಳು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು ಎಂಬರ್ಥದ ಮಾತನ್ನು ಮುಂದೆ ಅವರೇ ಬರೆದರು.

1917ರಲ್ಲಿ ಕರಾರಿನಂತೆ ಬರೋಡಾಕ್ಕೆ ಬಂದಾಗ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದ ಪಾರ್ಸಿಗಳ ಗುಂಪು ಬಾಗಿಲಿಗೆ ಬಂತು. ಆ ದಿನ ಅವರು ಕಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಮುಂಬಯಿ ರೈಲಿನ ಹೊತ್ತಿಗಾಗಿ ಕಾಯುತ್ತ ಕುಳಿತರು. ಒಂಬತ್ತರಲ್ಲಿ ಮುಸಲ್ಮಾನ, ಇಪ್ಪತ್ತಾರರಲ್ಲಿ ಪಾರ್ಸಿ. ನಡುವೆ, ಸಮುದ್ರದಾಚೆ ಮಾತ್ರ, ತನ್ನದೇ ಹೆಸರು ಸಾಕಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಅಮೆರಿಕದ ಜಾಹೀರಾತಾಗುತ್ತದೆ. ಕೊಲಂಬಿಯಾದ ಪಕ್ಕದಲ್ಲಿಯೇ ಹಾರ್ಲೆಮ್ ಇದೆ. ಭೀಮರಾವ್ ಓದುತ್ತಿದ್ದ ಕಾಲಕ್ಕೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ರೈಲು ಡಬ್ಬಿ, ಬೇರೆ ಶಾಲೆ. ನಮ್ಮನ್ನು ಏನೂ ಕೇಳದ ಊರು ಇನ್ಯಾರನ್ನೋ ಕೇಳುತ್ತಿರುತ್ತದೆ, ಅದು ನಮಗೆ ಕೇಳಿಸುವುದಿಲ್ಲ ಅಷ್ಟೆ. ಅಂಬೇಡ್ಕರರಿಗೆ ಅದು ಕೇಳಿಸದೆ ಉಳಿಯಲಿಲ್ಲ. 1946ರಲ್ಲಿ ಅವರು ಅಮೆರಿಕದ ಕರಿಯರ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್‌ಗೆ ಬರೆದ ಪತ್ರದಲ್ಲಿ ಎರಡೂ ಸಮುದಾಯಗಳ ಸ್ಥಿತಿಯ ಹೋಲಿಕೆಯ ಮಾತಿದೆ. ಇಂದು ಜರ್ಮನಿಗೆ ಹೋದ ಅಥಣಿಯ ಹುಡುಗನಿಗೆ ತನ್ನ ಜಾತಿ ಯಾರೂ ಕೇಳದಿರುವುದು ಹಿತವಾಗಿರಬಹುದು; ಅದೇ ಟ್ರಾಮಿನಲ್ಲಿ ಸಿರಿಯಾದವನೊಬ್ಬನ ಪಕ್ಕದ ಸೀಟು ಖಾಲಿ ಇರುವುದನ್ನು ಅವನು ಗಮನಿಸುತ್ತಾನೆಯೇ?

ಇನ್ನೊಂದು ತೊಡಕಿದೆ. ನಮ್ಮವರು ಪ್ರಶ್ನೆಯನ್ನು ಲಗೇಜಿನಲ್ಲಿ ತುಂಬಿಕೊಂಡೇ ಹೋಗುತ್ತಾರೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ. ಹಿಂದೂಗಳು ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾದೀತು ಎಂಬ ಕೇತ್ಕರರ ಮಾತನ್ನು ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿಯೇ ಎತ್ತಿ ಹೇಳಿದ್ದರು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಮಾಡಬೇಕಾಯಿತು. (ಆ ಪ್ರಬಂಧದ ವಿಷಯ ಭಾರತದ ಜಾತಿಗಳ ಹುಟ್ಟು. 2022ರಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟರ ವಿದೇಶಿ ವಿದ್ಯಾರ್ಥಿವೇತನದಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಅಧ್ಯಯನವನ್ನು ಹೊರಗಿಟ್ಟಿತು. ಹೊರಗೆ ಹೋಗಿ ನಮ್ಮನ್ನೇ ನೋಡಬೇಡಿ ಎಂದಂತೆ!)

ಸಾಲದ ಮಾತಿಗೆ ಬರುತ್ತೇನೆ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿಯ ಶಾಹೂ ಮಹಾರಾಜರು 1902ರಲ್ಲಿ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಆಜ್ಞೆ ಅದೇ ವರ್ಷದ ಜುಲೈ 26ರಂದು, ಅವರು ಅಲ್ಲಿರುವಾಗಲೇ ಹೊರಬಿತ್ತು. ರಾಜರು ಪರದೇಶದಿಂದ ತರುವ ಗಡಿಯಾರ, ಕುದುರೆ ಸಾರೋಟುಗಳ ಪಟ್ಟಿಯ ಎದುರು ಇದನ್ನು ಇಟ್ಟು ನೋಡಬೇಕು. 1920ರ ಮಾರ್ಚ್‌ನಲ್ಲಿ ಅದೇ ಸಂಸ್ಥಾನದ ಮಾಣಗಾವ್‌ನಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಎಂದು ಅಂಬೇಡ್ಕರರನ್ನು ತೋರಿಸಿದರು. ಅದೇ ವರ್ಷ ಅವರ ನೆರವು ಮತ್ತು ಗೆಳೆಯ ನವಲ್ ಭಟೇನಾರ ಸಾಲದಿಂದ ಅಂಬೇಡ್ಕರ್ ಅರ್ಧಕ್ಕೆ ಬಿಟ್ಟ ಓದಿಗಾಗಿ ಮತ್ತೆ ಲಂಡನ್ನಿಗೆ ಹೋದರು.

ಬರೋಡಾದ ಕರಾರಿನ ಹತ್ತು ವರ್ಷ ಪೂರೈಸಲಿಲ್ಲ. ಕಾಗದದ ಲೆಕ್ಕದಲ್ಲಿ ಅವರು ಮಾತಿಗೆ ತಪ್ಪಿದವರು. ಆದರೆ ಇರಲು ಒಂದು ಕೋಣೆ ಕೊಡಲಾರದ ಊರಿಗೆ ದುಡಿಮೆ ಕೊಡುವ ಬಾಧ್ಯತೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಓದಲು ಹೋದವರೆಲ್ಲ ಮರಳಿ ಬಂದು ಊರು ಉದ್ಧಾರ ಮಾಡಬೇಕು ಎಂಬ ಬೋಧನೆಯೂ ನನ್ನದಲ್ಲ. ಹಾಗೆ ಹೇಳುವವರು ಹೆಚ್ಚಾಗಿ ಸ್ವಂತ ಮಕ್ಕಳಿಗೆ ಅದನ್ನು ಹೇಳುವುದಿಲ್ಲ. ನಿಪ್ಪಾಣಿಗೆ ಬಂದು ಮಾತಾಡಬೇಕೆಂಬ ಕರಾರಿಗೆ ಅಂಬೇಡ್ಕರ್ ಎಲ್ಲಿಯೂ ಸಹಿ ಹಾಕಿರಲಿಲ್ಲ. ಒಂದೇ ಮೇಜಿನ ಊಟವನ್ನು ಕಂಡವರು, ಅದನ್ನು ಕಾಣದವರ ಮುಂದೆ ಬಂದು ನಿಂತರು.

ಒಂದು ಸೆಮಿಸ್ಟರ್ ಮುಗಿಸಿದ ನಮ್ಮ ಹುಡುಗ ಹುಡುಗಿಯರೂ ರಜೆಗೆ ಊರಿಗೆ ಬರುತ್ತಾರೆ. ಬೆಳಗಾವಿಯಲ್ಲಿ ಇಳಿದು ಚಿಕ್ಕೋಡಿ ಬಸ್ಸು ಹತ್ತುತ್ತಾರೆ. ಸಂಕೇಶ್ವರ ಬರುವುದರೊಳಗೆ ಪಕ್ಕದವರು ಕೇಳಿಯೇ ಕೇಳುತ್ತಾರೆ. ಮೇಲಿನ ಜಾತಿಯವನು ನಕ್ಕು ಸುಮ್ಮನಾದರೆ ಪರದೇಶಕ್ಕೆ ಹೋಗಿ ಸುಧಾರಿಸಿದ್ದಾನೆ ಅನ್ನುತ್ತಾರೆ. ಕೆಳಗಿನ ಜಾತಿಯವನು ಸುಮ್ಮನಾದರೆ ಪಕ್ಕದವರಿಗೆ ತಿಳಿಯಬೇಕಾದದ್ದು ತಿಳಿದುಹೋಗುತ್ತದೆ, ಬಾಳೆಹಣ್ಣು ಚೀಲದೊಳಗೇ ಉಳಿಯುತ್ತದೆ. ಮುಂದಿನ ಸೀಟಿನಲ್ಲಿ ಆ ಮೊದಲನೆಯವನೂ ಕುಳಿತಿರಬಹುದು. ಅವನೂ ಬರ್ಲಿನ್ನಿನಿಂದ ಬಂದವನೇ, ಇವರ ಮಾತು ಅವನಿಗೆ ಕೇಳಿಸುತ್ತಿದೆ.