ಎರಡನೇ ಇನ್ನಿಂಗ್ಸಿನ ದೇವರು



ಐಪಿಎಲ್ ಪಂದ್ಯಗಳು ನಡೆಯುವ ದಿನಗಳಲ್ಲಿ ನಮ್ಮ ಕ್ರೈಸ್ತ ಕುಟುಂಬಗಳ ಸಂಜೆ ಹೇಗಿರುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಏಳೂವರೆಗೆ ಟಿ.ವಿ. ಮುಂದೆ ಮನೆಮಂದಿಯೆಲ್ಲ ಸೇರುತ್ತಾರೆ. ಊಟದ ತಟ್ಟೆ ಅಲ್ಲಿಗೇ ಬರುತ್ತದೆ. ಜಪಸರ ಮಾತ್ರ ಪೀಠದ ಮೇಲೆ ಇದ್ದಲ್ಲೇ ಇರುತ್ತದೆ. "ಇವತ್ತು ಬೇಡಮ್ಮ, ಮ್ಯಾಚ್ ಮುಗಿಯಲಿ" ಎಂದು ಮಗ ಹೇಳುತ್ತಾನೆ. ಮ್ಯಾಚ್ ಮುಗಿಯುವ ಹೊತ್ತಿಗೆ ಎಲ್ಲರಿಗೂ ನಿದ್ದೆ.

ಇಷ್ಟು ಓದಿದೊಡನೆ, ಇನ್ನು ಕ್ರಿಕೆಟ್ಟಿಗೆ ಬೈಗುಳ ಶುರುವಾಗುತ್ತದೆ ಎಂದು ನೀವು ಪುಟ ಮಗುಚಬೇಡಿ. ಆಟ ದೇವರು ಕೊಟ್ಟ ಸಂತೋಷಗಳಲ್ಲೊಂದು. ಸಂತ ಪೌಲರೇ ಕೊರಿಂಥದ ವಿಶ್ವಾಸಿಗಳಿಗೆ ಬರೆಯುವಾಗ ಓಟದ ಪಂದ್ಯವನ್ನೂ ಮುಷ್ಟಿಕಾಳಗವನ್ನೂ ಉದಾಹರಣೆಯಾಗಿ ತೆಗೆದುಕೊಂಡರು. 2013ರಲ್ಲಿ ವ್ಯಾಟಿಕನ್ನಿನಲ್ಲೇ ಸಂತ ಪೇತ್ರರ ಹೆಸರಿನ ಕ್ರಿಕೆಟ್ ಕ್ಲಬ್ ಹುಟ್ಟಿತು. ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ರೋಮಿಗೆ ಓದಲು ಹೋದ ಗುರು ಅಭ್ಯರ್ಥಿಗಳು ಅದರಲ್ಲಿ ಆಡಿದರು. 2014ರ ಸೆಪ್ಟೆಂಬರಿನಲ್ಲಿ ಅವರು ಇಂಗ್ಲೆಂಡಿನ ಕ್ಯಾಂಟರ್‌ಬರಿಗೆ ಹೋಗಿ ಆಂಗ್ಲಿಕನ್ ಸಭೆಯ ಪಾದ್ರಿಗಳ ತಂಡದೊಡನೆ ಸೆಣಸಿದರು. ನೂರಾರು ವರ್ಷಗಳ ಹಿಂದೆ ಬೇರೆಯಾದ ಎರಡು ಸಭೆಗಳು ಒಂದೇ ಮೈದಾನದಲ್ಲಿ ಕೈಕುಲುಕಿದವು. ಗೆದ್ದವರು ಆಂಗ್ಲಿಕನ್ನರು. ಆ ಪಂದ್ಯವೂ ಇಪ್ಪತ್ತು ಓವರುಗಳದ್ದೇ ಆಗಿತ್ತು! ಆದ್ದರಿಂದ ಚುಟುಕು ಕ್ರಿಕೆಟ್ ನೋಡುವುದು ಪಾಪವೇ ಎಂದು ಯಾರೂ ಕಳವಳಪಡಬೇಕಾಗಿಲ್ಲ.

ಈ ಚುಟುಕು ಆಟ ಜನರನ್ನು ಸೆಳೆಯಲು ಕಾರಣಗಳಿವೆ. ಹಿಂದೆ ಕಾಲಮಿತಿಯೇ ಇಲ್ಲದ ಟೆಸ್ಟ್ ಪಂದ್ಯಗಳೂ ನಡೆಯುತ್ತಿದ್ದವು. 1939ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನಡೆದ ಪಂದ್ಯ ಹತ್ತು ದಿನ ಕಳೆದರೂ ಮುಗಿಯಲಿಲ್ಲ. ಗೆಲುವಿಗೆ 696 ರನ್ ಬೇಕಿದ್ದ ಇಂಗ್ಲೆಂಡ್ 5 ವಿಕೆಟ್‌ಗೆ 654 ರನ್ ಗಳಿಸಿದ್ದಾಗ ಊರಿಗೆ ಹೊರಡುವ ಹಡಗಿನ ಸಮಯವಾಯಿತೆಂದು ಆಟವನ್ನು ಅಲ್ಲಿಗೇ ಬಿಡಬೇಕಾಯಿತು. ದುಡಿದು ತಿನ್ನುವ ಮನುಷ್ಯನಿಗೆ ಅಷ್ಟು ಬಿಡುವೆಲ್ಲಿ? 1971ರಲ್ಲಿ ಮೆಲ್ಬರ್ನಿನಲ್ಲಿ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. 2003ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳು ಇಪ್ಪತ್ತು ಓವರುಗಳ ಆಟ ಶುರುಮಾಡಿದವು. ಕೆಲಸ ಮುಗಿಸಿ ಬಂದವರು ಹೆಂಡತಿ ಮಕ್ಕಳೊಡನೆ ಸಂಜೆ ಮೈದಾನಕ್ಕೆ ಹೋಗಿ, ಫಲಿತಾಂಶ ನೋಡಿ, ರಾತ್ರಿ ಮನೆ ಸೇರಬಹುದಾಯಿತು. 2008ರ ಏಪ್ರಿಲ್ 18ರಂದು ಐಪಿಎಲ್ಲಿನ ಮೊದಲ ಪಂದ್ಯ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಅಂದು ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ 158 ರನ್ ಹೊಡೆದರು. ಅಲ್ಲಿಂದ ಮುಂದೆ ಮಕ್ಕಳಿಗೆ ಕ್ರಿಕೆಟ್ ಎಂದರೆ ಸಿಕ್ಸರ್ ಎಂದೇ ಅರ್ಥವಾಯಿತು.

ಇದರಲ್ಲಿ ತಪ್ಪೇನಿಲ್ಲ. ಆದರೆ ಪ್ರಿಯರೇ, ಆಟದ ರೀತಿ ಬದುಕಿನ ರೀತಿಯಾದರೆ ಅಲ್ಲಿ ಅಪಾಯವಿದೆ. ಇಪ್ಪತ್ತು ಓವರುಗಳ ಆಟದಲ್ಲಿ ಒಂದು ತಂಡಕ್ಕೆ ಒಂದೇ ಇನ್ನಿಂಗ್ಸ್. ಮೊದಲ ಎಸೆತಕ್ಕೇ ಔಟಾದ ದಾಂಡಿಗ ಆ ರಾತ್ರಿ ಮತ್ತೆ ಬ್ಯಾಟ್ ಹಿಡಿಯುವಂತಿಲ್ಲ. ಟೆಸ್ಟ್ ಪಂದ್ಯದಲ್ಲಿ ಎರಡನೇ ಇನ್ನಿಂಗ್ಸ್ ಇದೆ. ನಿನ್ನೆ ಸೋತವನು ಇಂದು ಮತ್ತೆ ಕ್ರೀಸಿಗೆ ಬರುತ್ತಾನೆ.

2001ರ ಮಾರ್ಚ್ ತಿಂಗಳ ಕೋಲ್ಕತ್ತ ಟೆಸ್ಟನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯ 445 ರನ್ ಗಳಿಸಿತು. ಭಾರತ 171ಕ್ಕೆ ಕುಸಿದು 274 ರನ್‌ಗಳ ಹಿನ್ನಡೆಯಲ್ಲಿ ಫಾಲೋ ಆನ್‌ಗೆ ಒಳಗಾಯಿತು. ಚುಟುಕು ಆಟವಾಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೇ ಇನ್ನಿಂಗ್ಸಿನಲ್ಲಿ ವಿ.ವಿ.ಎಸ್. ಲಕ್ಷ್ಮಣ್ 281 ರನ್, ನಮ್ಮ ರಾಹುಲ್ ದ್ರಾವಿಡ್ 180 ರನ್ ಗಳಿಸಿದರು. ಇಬ್ಬರ ಜೊತೆಯಾಟದಲ್ಲಿ 376 ರನ್ ಬಂದವು. ನಾಲ್ಕನೆಯ ದಿನವಿಡೀ ಒಂದೇ ಒಂದು ವಿಕೆಟ್ ಬೀಳಲಿಲ್ಲ. ಕೊನೆಗೆ ಭಾರತ 171 ರನ್‌ಗಳಿಂದ ಗೆದ್ದಿತು. ಇನ್ನೊಂದು ಸಂಗತಿಯನ್ನು ಗಮನಿಸಿ. ರನ್ ಬರದೆ ಕಷ್ಟದಲ್ಲಿದ್ದ ದ್ರಾವಿಡ್ ಆ ಇನ್ನಿಂಗ್ಸಿನಲ್ಲಿ ತಮ್ಮ ಮೂರನೆಯ ಸ್ಥಾನವನ್ನು ಲಕ್ಷ್ಮಣರಿಗೆ ಬಿಟ್ಟು ಆರನೆಯವರಾಗಿ ಬಂದಿದ್ದರು. ಕೆಳಗಿನ ಸ್ಥಾನದಲ್ಲಿ ನಿಂತೇ ಅವರು ಮೇಲೆದ್ದರು.

ನಮ್ಮ ದೇವರು ಎರಡನೇ ಇನ್ನಿಂಗ್ಸಿನ ದೇವರು. ಪೇತ್ರನನ್ನು ನೋಡಿ. ಕೋಳಿ ಕೂಗುವ ಮುನ್ನ ಮೂರು ಸಲ ತನ್ನ ಗುರುವನ್ನೇ ಅರಿಯೆನೆಂದ. ಅವನ ಮೊದಲ ಇನ್ನಿಂಗ್ಸ್ ಆ ಅಂಗಳದ ಬೆಂಕಿಯ ಬಳಿ, ಕಣ್ಣೀರಿನಲ್ಲಿ ಮುಗಿಯಿತು. ಆದರೆ ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ಓದಿ. ಪುನರುತ್ಥಾನರಾದ ಯೇಸುಸ್ವಾಮಿ ಸರೋವರದ ದಡದಲ್ಲಿ ಮತ್ತೊಂದು ಬೆಂಕಿ ಹೊತ್ತಿಸಿ, ಮೀನು ಸುಟ್ಟು, ಅವನಿಗಾಗಿ ಕಾದಿದ್ದಾರೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರೀತಿಯನ್ನು ಹೇಳಿಕೊಳ್ಳುವ ಅವಕಾಶ ಸಿಕ್ಕಿತು. ಅದೇ ರಾತ್ರಿ ಎಡವಿದ ಇನ್ನೊಬ್ಬ ಶಿಷ್ಯನೂ ಇದ್ದ. ಯೂದನೂ ಪಶ್ಚಾತ್ತಾಪಪಟ್ಟ, ಬೆಳ್ಳಿನಾಣ್ಯಗಳನ್ನು ಹಿಂದಕ್ಕೆಸೆದ. ಆದರೆ ಎಲ್ಲವೂ ಮುಗಿದುಹೋಯಿತೆಂದುಕೊಂಡು ಭಾನುವಾರದವರೆಗೆ ಅವನು ಕಾಯಲಿಲ್ಲ. ಅವನ ತೀರ್ಪು ದೇವರದು, ನಮ್ಮದಲ್ಲ. ಕಾದಿದ್ದರೆ ಆ ಸರೋವರದ ದಡದಲ್ಲಿ ಅವನಿಗೂ ಒಂದು ಮೀನು ಸಿಗುತ್ತಿತ್ತೆಂದು ಯೋಚಿಸುವಾಗ ಎದೆ ಭಾರವಾಗುತ್ತದೆ.

ತಂದೆತಾಯಿಯರೇ, ಈ ಮಾತು ಮುಖ್ಯವಾಗಿ ನಿಮಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ದಿನ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಅಂಕ ಕಡಿಮೆ ಬಂದ ಮಗುವಿನ ಮುಂದೆ ನೆರೆಮನೆಯ ಮಗುವಿನ ಅಂಕ ಹೇಳುತ್ತೀರಾ? "ನಿನ್ನ ಜೀವನವೇ ಮುಗಿಯಿತು" ಎಂಬ ಮಾತು ನಿಮ್ಮ ಬಾಯಿಂದ ಬರುತ್ತದೆಯೇ? ಆ ಮಗು ಅದನ್ನು ನಿಜವೆಂದು ನಂಬಿಬಿಟ್ಟರೆ? ಬದುಕು ಒಂದೇ ಇನ್ನಿಂಗ್ಸಿನದು ಎಂದು ನಂಬಿದ ಎಳೆಯ ಜೀವಗಳು ಫಲಿತಾಂಶದ ದಿನ ಏನು ಮಾಡಿಕೊಳ್ಳುತ್ತವೆ ಎಂಬುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಮಗು ಮತ್ತೆ ಸಿಗುವುದಿಲ್ಲ. ಆ ದಿನ ಮಗುವನ್ನು ಹತ್ತಿರ ಕೂರಿಸಿಕೊಂಡು, ಒಟ್ಟಿಗೆ ಊಟ ಮಾಡಿ, "ನೀನು ನಮ್ಮ ಮಗುವೇ, ಮತ್ತೆ ಪ್ರಯತ್ನಿಸೋಣ" ಎಂದು ಹೇಳಿ. ಯೇಸುಸ್ವಾಮಿ ಪೇತ್ರನಿಗೆ ಮಾಡಿದ್ದೂ ಅದನ್ನೇ. ಮೊದಲು ಊಟ ಕೊಟ್ಟರು, ಆಮೇಲೆ ಮಾತನಾಡಿಸಿದರು.

ದೀರ್ಘ ಆಟದಿಂದ ಕಲಿಯಬಹುದಾದ ಎರಡನೆಯ ಪಾಠ, ಎಸೆತವನ್ನು ಬಿಡುವುದು. ಚುಟುಕು ಆಟದಲ್ಲಿ ರನ್ ಬಾರದ ಪ್ರತಿ ಎಸೆತವೂ ನಷ್ಟ. ಟೆಸ್ಟಿನಲ್ಲಿ ಆಫ್ ಸ್ಟಂಪಿನ ಹೊರಗೆ ಆಸೆ ಹುಟ್ಟಿಸುವಂತೆ ಬರುವ ಚೆಂಡನ್ನು ಮುಟ್ಟದೆ ಬಿಡುವುದೇ ಒಂದು ವಿದ್ಯೆ. ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಶಾಲೆಯಲ್ಲಿ ಓದಿದ ದ್ರಾವಿಡ್ ಟೆಸ್ಟುಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅವುಗಳಲ್ಲಿ ಬಿಟ್ಟ ಎಸೆತಗಳೆಷ್ಟೋ, ತಡೆದ ಎಸೆತಗಳೆಷ್ಟೋ! ಅವರಿಗೆ ಹೊಡೆಯಲು ಬಾರದೆಂದು ತಿಳಿಯಬೇಡಿ. 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಡಿದ ತಮ್ಮ ಏಕೈಕ ಅಂತರರಾಷ್ಟ್ರೀಯ ಟಿ-20 ಪಂದ್ಯದಲ್ಲಿ ಅವರು ಸತತ ಮೂರು ಸಿಕ್ಸರ್ ಎತ್ತಿದರು. ತಡೆದುಕೊಳ್ಳಲು ಕಲಿತವನಿಗೆ ಹೊಡೆಯುವ ಹೊತ್ತೂ ತಿಳಿಯುತ್ತದೆ. ಗಂಡನ ಸಿಟ್ಟಿನ ಮಾತು, ಅತ್ತೆಯ ಚುಚ್ಚುಮಾತು, ಗೆಳೆಯರು ನೀಡುವ ಮೊದಲ ಗ್ಲಾಸು, ಮೊಬೈಲಿನಲ್ಲಿ ಬರುವ ಕೆಟ್ಟ ಚಿತ್ರ, ಸುಲಭವಾಗಿ ಸಿಗುವ ಲಂಚ, ಇವೆಲ್ಲ ಆಫ್ ಸ್ಟಂಪಿನ ಹೊರಗಿನ ಎಸೆತಗಳು. ಎಲ್ಲದಕ್ಕೂ ಬ್ಯಾಟ್ ಬೀಸಬೇಕಾಗಿಲ್ಲ. ಮರುಭೂಮಿಯಲ್ಲಿ ಸೈತಾನನು ಯೇಸುಸ್ವಾಮಿಯ ಮುಂದಿಟ್ಟದ್ದೂ ಅಡ್ಡದಾರಿಗಳನ್ನೇ. ದೇವಾಲಯದ ತುದಿಯಿಂದ ಧುಮುಕಿದರೆ ಒಂದೇ ಗಳಿಗೆಯಲ್ಲಿ ಜನಪ್ರಿಯತೆ ಸಿಗುತ್ತಿತ್ತು. ನಜರೇತಿನಲ್ಲಿ ಸುಮಾರು ಮೂವತ್ತು ವರ್ಷ ಮರೆಯಲ್ಲಿ ಕಳೆದಿದ್ದ ಪ್ರಭು ಆ ಎಸೆತವನ್ನು ಮುಟ್ಟಲಿಲ್ಲ.

ಮೂರನೆಯ ಪಾಠ, ಗೆಲ್ಲಲಾಗದಿದ್ದರೂ ನಿಲ್ಲುವುದು. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನ ಕೊನೆಯ ದಿನ ಹನುಮ ವಿಹಾರಿ ತೊಡೆಯ ಸ್ನಾಯು ಹರಿದು ಓಡಲಾರದಾದರು. ಜೊತೆಗಿದ್ದ ಅಶ್ವಿನ್‌ಗೆ ಬೆನ್ನುನೋವು. ವಿಹಾರಿ 161 ಎಸೆತಗಳನ್ನು ಎದುರಿಸಿ 23 ರನ್, ಅಶ್ವಿನ್ 128 ಎಸೆತಗಳಲ್ಲಿ 39 ರನ್ ಮಾಡಿ ಔಟಾಗದೆ ಉಳಿದರು. ಪಂದ್ಯ ಡ್ರಾ ಆಯಿತು. ಆ ಡ್ರಾದ ಬೆಲೆ ಮುಂದಿನ ವಾರ ತಿಳಿಯಿತು. ಬ್ರಿಸ್ಬೇನಿನಲ್ಲಿ ಗೆದ್ದ ಭಾರತ ಸರಣಿಯನ್ನು 2-1ರಿಂದ ತನ್ನದಾಗಿಸಿಕೊಂಡಿತು.

ಹಾಸಿಗೆ ಹಿಡಿದ ಅಮ್ಮನ ಬಟ್ಟೆ ಬದಲಿಸುತ್ತಾ ವರ್ಷಗಳನ್ನು ಕಳೆದ ಮಗಳೇ, ಬುದ್ಧಿಮಾಂದ್ಯ ಮಗನನ್ನು ಸಾಕುತ್ತಿರುವ ತಂದೆಯೇ, ಕುಡುಕ ಗಂಡನ ಮನಪರಿವರ್ತನೆಗಾಗಿ ಕಣ್ಣೀರಿಡುತ್ತಿರುವ ತಾಯಿಯೇ, ನಿಮ್ಮ ಹೋರಾಟಕ್ಕೆ ಚಪ್ಪಾಳೆಯಿಲ್ಲ. ಗೆಲುವು ಕಾಣುತ್ತಿಲ್ಲ. ಆದರೂ ನೀವು ನಿಂತಿದ್ದೀರಿ. ದೇವರ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಒಂದೊಂದು ದಿನವೂ ಬರೆದಿದೆ. ಒಂದು ಮಾತು ನೆನಪಿರಲಿ, ಆ ಇಬ್ಬರೂ ಒಬ್ಬರಿಗೊಬ್ಬರು ಜೊತೆಯಾಗಿ ನಿಂತರು. ನಿಮ್ಮ ಮೇಲೆ ಕೈಮಾಡುವವರಿದ್ದರೆ, ನಿಮ್ಮ ಶಕ್ತಿ ಸೋತಿದ್ದರೆ, ಒಬ್ಬರೇ ಸಹಿಸಬೇಡಿ. ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ಒಡಹುಟ್ಟಿದವರಿಗೆ ಹೇಳಿಕೊಳ್ಳಿ, ನೆರವು ಪಡೆಯಿರಿ. ನೆರೆಹೊರೆಯವರೇ, ವಾರಕ್ಕೊಂದು ಸಂಜೆ ಆ ಮನೆಗೆ ಹೋಗಿ ರೋಗಿಯ ಬಳಿ ಕುಳಿತು ಆ ಮಗಳಿಗೆ ಬಿಡುವು ಕೊಡಿ.

ಇಂದಿನ ಜನಕ್ಕೆ ತಾಳ್ಮೆಯೇ ಇಲ್ಲ ಎಂಬ ದೂರೂ ಪೂರ್ತಿ ನಿಜವಲ್ಲ. ಬೆಂಗಳೂರು ತಂಡದ ಅಭಿಮಾನಿಗಳನ್ನೇ ನೋಡಿ. 2008ರಿಂದ ವರ್ಷ ವರ್ಷವೂ ಈ ಸಲ ಕಪ್ ನಮ್ಮದೇ ಎಂದರು, ವರ್ಷ ವರ್ಷವೂ ನಿರಾಶರಾದರು, ಆದರೂ ತಂಡವನ್ನು ಬಿಡಲಿಲ್ಲ. 2025ರ ಜೂನ್ 3ರಂದು ಕಪ್ ಬಂತು. ಮರುದಿನ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಮರೆಯದೆ ಅವರಿಗಾಗಿಯೂ ಪ್ರಾರ್ಥಿಸೋಣ. ಒಂದು ಕಪ್ಪಿಗಾಗಿ ಹದಿನೇಳು ವರ್ಷ ಕಾಯಬಲ್ಲ ಮನಸ್ಸು ದಾರಿ ತಪ್ಪಿದ ಮಗನಿಗಾಗಿ ಕಾಯಲಾರದೇ? ಸಂತ ಮೋನಿಕಾ ತನ್ನ ಮಗ ಅಗಸ್ಟೀನನಿಗಾಗಿ ಸುಮಾರು ಹದಿನೇಳು ವರ್ಷ ಪ್ರಾರ್ಥಿಸಿದಳೆಂದು ಹೇಳುತ್ತಾರೆ. 387ರ ಪಾಸ್ಕ ಹಬ್ಬದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಕೈಯಿಂದ ಅವನು ದೀಕ್ಷಾಸ್ನಾನ ಪಡೆದ. ಅದೇ ವರ್ಷ ಆ ತಾಯಿ ನೆಮ್ಮದಿಯಿಂದ ಕಣ್ಣುಮುಚ್ಚಿದಳು.

ಬಿತ್ತುವವನ ಸಾಮತಿಯಲ್ಲಿ ಬಂಡೆಯ ಮೇಲೆ ಬಿದ್ದ ಬೀಜವೇ ಎಲ್ಲಕ್ಕಿಂತ ಬೇಗ ಮೊಳೆಯಿತು, ಬೇರಿಲ್ಲದೆ ಬೇಗ ಒಣಗಿತು. ಒಂಬತ್ತು ದಿನದ ನೊವೇನಾ ಮುಗಿದೊಡನೆ ಕೇಳಿದ್ದು ಸಿಗದಿದ್ದರೆ ದೇವರನ್ನೇ ಬಿಡುವ ವಿಶ್ವಾಸ ಇಂಥದ್ದು. ಶಿಲುಬೆಯ ಮೇಲಿದ್ದ ಕಳ್ಳನಿಗೆ ಕೊನೆಯ ಓವರಿನಲ್ಲಿ ಸ್ವರ್ಗ ಸಿಕ್ಕಿತು, ನಿಜ. ಅದು ದೇವರ ಕರುಣೆಯ ದೊಡ್ಡತನ. ನಮ್ಮ ಕೊನೆಯ ಓವರ್ ಯಾವುದೆಂದು ನಮಗೆ ಗೊತ್ತಿಲ್ಲವಲ್ಲ!

ಆದ್ದರಿಂದ ಈ ವಾರ ಮೂರು ಕೆಲಸ ಮಾಡೋಣ. ಮ್ಯಾಚ್ ನೋಡಿ, ಆದರೆ ಅದಕ್ಕೆ ಮೊದಲು ಇಪ್ಪತ್ತು ನಿಮಿಷ ಮನೆಮಂದಿ ಸೇರಿ ಜಪಸರ ಹೇಳಿ. ಬಹುಕಾಲದಿಂದ ಪಾಪನಿವೇದನೆಗೆ ಹೋಗದವರು ಹೋಗಿ ಬನ್ನಿ, ಎರಡನೇ ಇನ್ನಿಂಗ್ಸ್ ಅಲ್ಲಿಂದಲೇ ಶುರು. ಮನೆಯಲ್ಲಿ ನೀವು "ಔಟ್" ಎಂದು ಹೊರಗಿಟ್ಟವರು, ಮಾತು ಬಿಟ್ಟ ತಮ್ಮನೋ, ಇಷ್ಟವಿಲ್ಲದ ಮದುವೆಯಾದ ಮಗಳೋ, ಯಾರಾದರೂ ಇದ್ದರೆ ಅವರನ್ನು ಊಟಕ್ಕೆ ಕರೆಯಿರಿ.

ಪೇತ್ರನಿಗಾಗಿ ದಡದಲ್ಲಿ ಕಾದ ಪ್ರಭು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ. ಕೊನೆಯವರೆಗೂ ನಿಲ್ಲುವ ಬಲವನ್ನು ಮಾತೆ ಮರಿಯಮ್ಮನವರು ನಮಗಾಗಿ ಬೇಡಿ ಕೊಡಿಸಲಿ. ಆಮೆನ್.